ಟಗರಿನ ಬೀಜ, ಮಿದುಳಿನ ಮಿಡಿತ

ಬೆಂಗಳೂರಿನ ಹೊರವಲಯದ ಕುರಿಸಂತೆಗಳಲ್ಲಿ ಬಿತ್ತನೆಗೆಂದು ಟಗರು ಕೊಳ್ಳುವ ಅನುಭವಸ್ಥರು ಮೊದಲು ಹಲ್ಲು ನೋಡುತ್ತಾರೆ. ಆಮೇಲೆ ಹಿಂದೆ ಬಂದು, ಬೀಜದ ಚೀಲವನ್ನು ಅಂಗೈಯಲ್ಲಿ ತೂಗಿ, ಎರಡೂ ಸಮನಾಗಿವೆಯೇ, ಬಿಗಿಯಾಗಿವೆಯೇ ಎಂದು ಬೆರಳಿನಿಂದ ಒತ್ತಿ ನೋಡುತ್ತಾರೆ. ಈ ಪರೀಕ್ಷೆ ಸರಿಯಾದದ್ದೇ. ಆದರೆ ಆ ಬಿಗಿತದ ಹತೋಟಿ ಇರುವುದು ಟಗರಿನ ಮಿದುಳಿನ ತಳದ ಹೈಪೊಥಲಾಮಸ್ ಎಂಬ ಪುಟ್ಟ ಭಾಗದಲ್ಲಿ.

ಅಲ್ಲಿಂದ ಹೊರಡುವ ಜಿಎನ್‌ಆರ್‌ಎಚ್ ಕೇವಲ 10 ಅಮೈನೊ ಆಮ್ಲಗಳ ಹಾರ್ಮೋನು. ರೋಜರ್ ಗಿಯೆಮಿನ್ ಇದನ್ನು ಕುರಿಗಳ ಮಿದುಳಿನಿಂದಲೂ, ಆಂಡ್ರ್ಯೂ ಶಾಲಿ ಹಂದಿಗಳ ಮಿದುಳಿನಿಂದಲೂ ಬೇರ್ಪಡಿಸಿದರು; 1977ರ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಇಬ್ಬರೂ ಇದ್ದರು. ಈ ಹಾರ್ಮೋನು ಒಂದೇ ಸಮನೆ ಹರಿಯದೆ, ಬಿಟ್ಟು ಬಿಟ್ಟು ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಹೊರಬಿದ್ದು, ಬೀಜದ ಲೈಡಿಗ್ ಕೋಶಗಳಲ್ಲಿ ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನು ತಯಾರಾಗುತ್ತದೆ. ಅದೇ ಪಿಟ್ಯುಟರಿಯ ಇನ್ನೊಂದು ಹಾರ್ಮೋನಾದ ಎಫ್‌ಎಸ್‌ಎಚ್, ವೀರ್ಯಾಣುಗಳನ್ನು ಪೋಷಿಸುವ ಸರ್ಟೊಲಿ ಕೋಶಗಳನ್ನು ನೋಡಿಕೊಳ್ಳುತ್ತದೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಮತ್ತು ಸಂಗಡಿಗರು ಕುರಿಯ ಎಫ್‌ಎಸ್‌ಎಚ್ಅನ್ನೇ ಲಸಿಕೆಯಾಗಿ ಗಂಡು ಕೋತಿಗಳಿಗೆ ಕೊಟ್ಟಾಗ, ಅವುಗಳ ದೇಹ ತನ್ನದೇ ಎಫ್‌ಎಸ್‌ಎಚ್ಅನ್ನೂ ತಡೆಯುವ ಪ್ರತಿಕಾಯಗಳನ್ನು ಬೆಳೆಸಿಕೊಂಡು, ಟೆಸ್ಟೊಸ್ಟೆರಾನ್ ಇಳಿಯದಿದ್ದರೂ ಅವುಗಳ ಸಂತಾನಶಕ್ತಿ ಕುಂದಿತು.

ಟೆಸ್ಟೊಸ್ಟೆರಾನ್ ರಕ್ತದಲ್ಲಿ ಹೆಚ್ಚಾದರೆ ಮಿದುಳು ತನ್ನ ಮಿಡಿತವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆದ್ದರಿಂದಲೇ, ಬಿತ್ತನೆಯಲ್ಲಿ ಸೋತ ಟಗರಿಗೆ ‘ಗಂಡು ಹಾರ್ಮೋನಿನ ಇಂಜೆಕ್ಷನ್’ ಹಾಕಿಸಬೇಕೆಂಬ ಯೋಚನೆ ನನಗೆ ಆತಂಕ ತರುತ್ತದೆ. ಹೊರಗಿನಿಂದ ಬಂದ ಹಾರ್ಮೋನನ್ನು ಕಂಡು ಎಲ್‌ಎಚ್ ಇಳಿಯುತ್ತದೆ. ವೀರ್ಯಾಣು ಬೆಳೆಯಲು ಬೀಜದೊಳಗೆ ರಕ್ತಕ್ಕಿಂತ ಹಲವು ಪಟ್ಟು ಹೆಚ್ಚಿರಬೇಕಾದ ಟೆಸ್ಟೊಸ್ಟೆರಾನ್ ಅಲ್ಲಿಯೇ ಕಡಿಮೆಯಾಗಿ, ಬೀಜವೇ ಕುಗ್ಗಬಹುದು.

ಸ್ಕಾಟ್ಲೆಂಡಿನ ಸೋಯೆ ತಳಿಯ ಟಗರುಗಳಲ್ಲಿ ಈ ಮಿಡಿತವನ್ನು ಆಳುವುದು ಹಗಲಿನ ಉದ್ದ. ಇರುಳಿನಲ್ಲಿ ಪೀನಿಯಲ್ ಗ್ರಂಥಿ ಸ್ರವಿಸುವ ಮೆಲಟೋನಿನ್ ರಾತ್ರಿಯ ಅಳತೆಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಶರತ್ಕಾಲಕ್ಕೆ ತುಂಬಿಕೊಂಡ ಬೀಜಗಳು ವಸಂತದ ಹೊತ್ತಿಗೆ ಕುಗ್ಗಿರುತ್ತವೆ. ಬೆಂಗಳೂರಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ಅಂತರ. ಬಂಡೂರು, ಬಳ್ಳಾರಿ, ಡೆಕ್ಕನಿಯಂಥ ನಮ್ಮ ತಳಿಗಳ ಸಾಕಣೆಯಲ್ಲಿ ಬೆಳಕಿಗಿಂತ ಮೇವು ಮತ್ತು ಬಿಸಿಲಿನ ಕಡೆ ಹೆಚ್ಚು ಗಮನ ಬೇಕೆಂದು ನಾನು ನಂಬುತ್ತೇನೆ. ಹೊಟ್ಟೆ ತುಂಬಿದ ಟಗರಿನಲ್ಲಿ ಎಲ್‌ಎಚ್ ಮಿಡಿತ ಚುರುಕಾಗುತ್ತದೆ. ಬಿಸಿಲ ಬೇಗೆಯಾದರೋ, ದೇಹಕ್ಕಿಂತ ಕೆಲವು ಡಿಗ್ರಿ ತಂಪಾಗಿರಬೇಕಾದ ಬೀಜವನ್ನೇ ನೇರವಾಗಿ ಬಾಧಿಸುತ್ತದೆ.

ಟಗರಿನಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಏಳು ವಾರ ಬೇಕು. ನಾಳದಲ್ಲಿ ಸಾಗಿ ಪಕ್ವವಾಗಲು ಮತ್ತೆರಡು ವಾರ ಹಿಡಿಯಬಹುದು. ಏಪ್ರಿಲ್ ಬಿಸಿಲಿಗೆ ನರಳಿದ ಟಗರಿನ ಸೋಲು ಜೂನ್‌ನಲ್ಲಿ, ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೂ ಕಾಣಿಸಿಕೊಳ್ಳುವುದು ಇದರಿಂದಲೇ. ಹೆಣ್ಣುಕುರಿಗಳ ಹಿಂಡಿಗೆ ಬಿಡುವ ಎರಡು ತಿಂಗಳ ಮೊದಲೇ ಟಗರಿಗೆ ಮರದ ನೆರಳು, ತಣ್ಣೀರು, ನೆನೆಸಿದ ಹುರುಳಿ ಸಿಗಬೇಕು.