‘ಎಪಿಐ ಬರ್ತಿಲ್ಲ’ ಅಂದರೆ ಕೆಟ್ಟಿದ್ದೆಲ್ಲಿ? ಕರ್ಲ್ ತೋರಿಸುತ್ತದೆ

ಒಂದು ಪ್ರೋಗ್ರಾಂ ಇನ್ನೊಂದರಿಂದ ನೆಟ್‌ವರ್ಕ್ ಮೂಲಕ ಮಾಹಿತಿ ಕೇಳಿ ಪಡೆಯುವ ದಾರಿಯೇ ಎಪಿಐ. ‘ಎಪಿಐ ಬರ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಐದಾರು ಬೇರೆ ಬೇರೆ ತೊಂದರೆಗಳಿರಬಹುದು. ಡೊಮೇನ್ ಹೆಸರಿಗೆ ಐಪಿ ವಿಳಾಸ ಸಿಕ್ಕಿರುವುದಿಲ್ಲ, ಇಲ್ಲವೇ ಪೋರ್ಟ್ ಮುಚ್ಚಿರುತ್ತದೆ, ಇಲ್ಲವೇ ಸರ್ವರ್‌ನ ಗುರುತು ಸಾಬೀತುಪಡಿಸುವ ಸರ್ಟಿಫಿಕೇಟ್ ಸರಿಯಿರುವುದಿಲ್ಲ. ಸರ್ವರ್ ತನಕ ಹೋಗಿಯೂ ರಿಕ್ವೆಸ್ಟ್ ತಿರಸ್ಕೃತವಾಗಿರಬಹುದು. ಮೊಬೈಲ್ ಆ್ಯಪ್ ಮಾತ್ರ ಇವೆಲ್ಲಕ್ಕೂ ಒಂದೇ ಸಂದೇಶ ತೋರಿಸುತ್ತದೆ. ಇವನ್ನು ಬಿಡಿಬಿಡಿಯಾಗಿ ನೋಡಲು, ಕಮಾಂಡ್ ಟೈಪ್ ಮಾಡಿ ವೆಬ್ ವಿಳಾಸಕ್ಕೆ ರಿಕ್ವೆಸ್ಟ್ ಕಳಿಸುವ ಕರ್ಲ್‌ಗಿಂತ ನೇರವಾದ ಸಾಧನ ಇನ್ನೊಂದಿಲ್ಲ.

ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಚಾಟ್ ಬಾಟ್ ಒಂದಕ್ಕೆ ಕರೆನ್ಸಿ ದರ ತರಲು ಬಳಸುತ್ತಿದ್ದ ಪುಟ್ಟ ಪ್ರೋಗ್ರಾಂ 1998ರ ಮಾರ್ಚ್‌ನಲ್ಲಿ ಕರ್ಲ್ ಎಂಬ ಹೆಸರು ಪಡೆಯಿತು. ಈಗ ಅದು ಮ್ಯಾಕ್‌ನಲ್ಲಿದೆ, ಬಹುಪಾಲು ಲಿನಕ್ಸ್ ಸರ್ವರ್‌ಗಳಲ್ಲಿದೆ, 2018ರಿಂದ ವಿಂಡೋಸ್ 10ರ ಜೊತೆಗೂ ಬರುತ್ತಿದೆ. ಇದರಿಂದ ಒಂದು ದೊಡ್ಡ ಅನುಕೂಲವಿದೆ: ತೊಂದರೆ ಕಾಣಿಸಿದ ಯಂತ್ರದಿಂದಲೇ ಪರೀಕ್ಷಿಸಬಹುದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಬಂದ ಉತ್ತರ ಸರ್ವರ್‌ನ ತೊಂದರೆಗೆ ಸಾಕ್ಷಿಯಾಗುವುದಿಲ್ಲ. ಎರಡರ ಡಿಎನ್‌ಎಸ್ (ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ) ಬೇರೆ, ಫೈರ್‌ವಾಲ್ ಬೇರೆ.

ಇಲ್ಲಿ ಕರ್ಲ್ ಕಮಾಂಡ್‌ಗೆ ಸೇರಿಸುವ ಆಯ್ಕೆಗಳನ್ನು ಬಾಯಲ್ಲಿ ಹೇಳುವಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ದೊಡ್ಡಕ್ಷರ, ಚಿಕ್ಕಕ್ಷರಕ್ಕೆ ಅರ್ಥವೇ ಬೇರೆ. ಚಿಕ್ಕಕ್ಷರದ -ಐ ಉತ್ತರದ ಜೊತೆ ಅದರ ಬಗೆಗಿನ ಮಾಹಿತಿ ಸಾಲುಗಳಾದ ಹೆಡರ್‌ಗಳನ್ನೂ ತೋರಿಸುತ್ತದೆ. ದೊಡ್ಡಕ್ಷರದ -ಐ ಉತ್ತರ ಪೂರ್ತಿ ಕೇಳುವ ‘ಗೆಟ್’ ಬದಲು ಹೆಡರ್ ಮಾತ್ರ ಕೇಳುವ ‘ಹೆಡ್’ ರಿಕ್ವೆಸ್ಟನ್ನೇ ಕಳಿಸುತ್ತದೆ. ಅದಕ್ಕೆ 405 ಬಂದರೆ ಎಪಿಐ ಕೆಟ್ಟಿದೆ ಎಂದುಕೊಳ್ಳಬೇಡಿ, ಆ ಸರ್ವರ್ ‘ಹೆಡ್’ ಒಪ್ಪುವುದಿಲ್ಲ ಅಷ್ಟೇ.

ಮೊದಲು ಹಾಕಬೇಕಾದ್ದು -ವಿ. ಆಗ * ಚಿಹ್ನೆಯ ಸಾಲುಗಳಲ್ಲಿ ಕರ್ಲ್ ತಾನು ಮಾಡುತ್ತಿರುವುದನ್ನು ಹೇಳುತ್ತದೆ: ಯಾವ ಐಪಿ ಸಿಕ್ಕಿತು, ಯಾವ ಪೋರ್ಟಿಗೆ ಹೋಯಿತು, ಸರ್ಟಿಫಿಕೇಟ್ ಯಾರದು, ಯಾವತ್ತಿನವರೆಗೆ ಊರ್ಜಿತ. > ಇರುವ ಸಾಲುಗಳು ನೀವು ಕಳಿಸಿದವು, < ಇರುವವು ಬಂದವು. > ಸಾಲುಗಳನ್ನು ಓದದೆಯೇ ಎಷ್ಟೋ ಜನ ಗಂಟೆಗಟ್ಟಲೆ ಸರ್ವರ್ ಕೋಡ್ ಹುಡುಕುತ್ತಾರೆ. ಕಳಿಸಿದ್ದೇವೆಂದು ನಂಬಿದ ಹೆಡರ್ ಎಷ್ಟೋ ಸಲ ಹೋಗಿಯೇ ಇರುವುದಿಲ್ಲ. ಈ ಔಟ್‌ಪುಟ್ಟನ್ನು ಟಿಕೆಟ್‌ಗೋ ಗ್ರೂಪ್‌ಗೋ ಹಾಕುವ ಮುನ್ನ ಆಥರೈಸೇಶನ್ ಸಾಲಿನ ಟೋಕನ್ (ಪಾಸ್‌ವರ್ಡ್‌ನಂಥ ಗುಟ್ಟಿನ ಸಂಕೇತ) ಅಳಿಸಿ. ಅದು ಪೂರ್ತಿ ಕಾಣುತ್ತದೆ.

ಉತ್ತರವೇ ಬಾರದಿದ್ದರೆ ಎಕೋ $? ಎಂದು ಕೊಟ್ಟು ಕರ್ಲ್ ಮುಗಿದಾಗ ಬಿಟ್ಟುಹೋಗುವ ಫಲಿತಾಂಶದ ಸಂಖ್ಯೆ, ಅಂದರೆ ಎಕ್ಸಿಟ್ ಕೋಡ್ ನೋಡಿ. 6 ಅಂದರೆ ಹೆಸರು ಐಪಿಯಾಗಿ ಬದಲಾಗಲಿಲ್ಲ. 7 ಅಂದರೆ ಸಂಪರ್ಕ ಆಗಲಿಲ್ಲ. ಸಾಮಾನ್ಯವಾಗಿ ಆ ಪೋರ್ಟಿನಲ್ಲಿ ಸರ್ವಿಸ್ ಓಡುತ್ತಿರುವುದಿಲ್ಲ. ಫೈರ್‌ವಾಲ್ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಎಸೆಯುತ್ತಿದ್ದರೆ ತಕ್ಷಣ 7 ಬರುವುದಿಲ್ಲ, ಕಾದು ಕಾದು 28, ಅಂದರೆ ಟೈಮ್‌ಔಟ್ ಬರುತ್ತದೆ. ಈ ವ್ಯತ್ಯಾಸವೊಂದು ಗೊತ್ತಿದ್ದರೆ ಯಾವ ತಂಡಕ್ಕೆ ಫೋನ್ ಮಾಡಬೇಕೆಂದು ತಿಳಿಯುತ್ತದೆ. 60 ಸರ್ಟಿಫಿಕೇಟ್ ತಕರಾರು. ಬ್ರೌಸರ್‌ನಲ್ಲಿ ಸರಿಯಾಗಿ ತೆರೆದುಕೊಂಡು ಕರ್ಲ್‌ನಲ್ಲಿ 60 ಬಂದರೆ, ಸರ್ವರ್ ಮಧ್ಯದ ಇಂಟರ್ಮೀಡಿಯೆಟ್ ಸರ್ಟಿಫಿಕೇಟ್ ಕಳಿಸುತ್ತಿಲ್ಲ ಎಂಬ ಗುಮಾನಿ ಮೊದಲು ಬರಬೇಕು. ಬ್ರೌಸರ್ ಆ ಕೊರತೆಯನ್ನು ತಾನೇ ತುಂಬಿಕೊಂಡಿರುತ್ತದೆ. -ಕೆ ಹಾಕಿದರೆ ತಪಾಸಣೆಯೇ ನಿಂತುಹೋಗುತ್ತದೆ. ಒಂದು ಸಲ ಖಚಿತಪಡಿಸಿಕೊಳ್ಳಲು ಸರಿ, ಸ್ಕ್ರಿಪ್ಟ್‌ನಲ್ಲಿ ಅದನ್ನು ಬಿಟ್ಟುಹೋಗುವುದು ತಪ್ಪು.

ಹೆಚ್ಚು ಎಡವುವುದು ಡೇಟಾ ಕಳಿಸುವಾಗ. -ಡಿ ಹಾಕಿದ ಕೂಡಲೇ ರಿಕ್ವೆಸ್ಟ್ ತಾನಾಗಿ ಡೇಟಾ ಕಳಿಸುವ ‘ಪೋಸ್ಟ್’ ಆಗುತ್ತದೆ, ಜೊತೆಗೆ ಡೇಟಾದ ಬಗೆ ಹೇಳುವ ಕಂಟೆಂಟ್-ಟೈಪ್ ಹೆಡರ್ ವೆಬ್ ಫಾರ್ಮ್‌ನದ್ದಾಗಿ ಹೋಗುತ್ತದೆ. ನೀವು ಬರೆದದ್ದು ಜೇಸನ್ ಎಂಬ ಡೇಟಾ ರೂಪ, ಸರ್ವರ್‌ಗೆ ಹೇಳಿದ್ದು ಫಾರ್ಮ್ ಎಂದು. 415 ಅಥವಾ 400 ಬರುವುದು ಇದಕ್ಕೇ. 2022ರ 7.82.0 ಆವೃತ್ತಿಯಿಂದ --ಜೇಸನ್ ಆಯ್ಕೆ ಇದೆ. ಕಂಟೆಂಟ್-ಟೈಪ್, ಆ್ಯಕ್ಸೆಪ್ಟ್ ಎರಡನ್ನೂ ಅದೇ ಸರಿಮಾಡುತ್ತದೆ. ಹಳೆಯ ಆವೃತ್ತಿಯಲ್ಲಿ ದೊಡ್ಡಕ್ಷರದ -ಎಚ್ ಬಳಸಿ ಹೆಡರನ್ನು ನೀವೇ ಕೊಡಬೇಕು. ಫೈಲ್‌ನಿಂದ ಕಳಿಸುವಾಗ -ಡಿ ಜೊತೆ @ ಹಾಕಿದರೆ ಸಾಲುಗಳ ಕೊನೆಯ ನ್ಯೂಲೈನ್‌ಗಳನ್ನು ಕರ್ಲ್ ಕಿತ್ತುಹಾಕುತ್ತದೆ. ಜೇಸನ್‌ಗೆ ಇದರಿಂದ ತೊಂದರೆಯಿಲ್ಲ, ಆದರೆ ಸಿಎಸ್‌ವಿ ಫೈಲಿನ ಎಲ್ಲ ಸಾಲೂ ಒಂದೇ ಸಾಲಾಗಿ ಹೋಗುತ್ತದೆ. ಅದಕ್ಕೆ --ಡೇಟಾ-ಬೈನರಿ ಬೇಕು.

ವಿಳಾಸವನ್ನು ಎಚ್‌ಟಿಟಿಪಿ ಎಂದು ಬರೆದು ಸರ್ವರ್ 301 ಕೊಟ್ಟು ಎಚ್‌ಟಿಟಿಪಿಎಸ್‌ಗೆ ಕಳಿಸಿದರೆ ಇನ್ನೊಂದು ಫಜೀತಿ. ದೊಡ್ಡಕ್ಷರದ -ಎಲ್ ಇದ್ದರೆ ಕರ್ಲ್ ಹಿಂಬಾಲಿಸುತ್ತದೆ, ಆದರೆ ‘ಪೋಸ್ಟ್’ ದಾರಿಯಲ್ಲಿ ‘ಗೆಟ್’ ಆಗಿ ಡೇಟಾ ಕಳೆದುಹೋಗುತ್ತದೆ. ದೊಡ್ಡಕ್ಷರದ -ಎಕ್ಸ್ ಬಳಸಿ -ಎಕ್ಸ್ ಪೋಸ್ಟ್ ಎಂದು ಒತ್ತಾಯಿಸುವುದು ಪರಿಹಾರವಲ್ಲ, ಆ ಪದ ಪ್ರತಿ ತಿರುವಿಗೂ ಅಂಟಿಕೊಳ್ಳುತ್ತದೆ. ಅಂತಿಮ ವಿಳಾಸವನ್ನೇ ಬರೆಯಿರಿ. ಯುಆರ್‌ಎಲ್‌ನಲ್ಲಿ & ಇದ್ದರೆ ಇಡೀ ವಿಳಾಸವನ್ನು ಕೋಟ್ ಒಳಗಿಡಿ. ಇಲ್ಲದಿದ್ದರೆ ಶೆಲ್ ಅಲ್ಲಿಗೇ ಕಮಾಂಡ್ ಕತ್ತರಿಸಿ, ಅರ್ಧ ಪ್ಯಾರಾಮೀಟರ್‌ಗಳೊಂದಿಗೆ ಹಿನ್ನೆಲೆಯಲ್ಲಿ ಓಡಿಸುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ಗೆ ಸಿಂಗಲ್ ಕೋಟ್ ಅರ್ಥವಾಗದು. ಅಲ್ಲಿ ಜೇಸನ್ ಅನ್ನು ಫೈಲ್‌ನಲ್ಲಿಟ್ಟು @ ಮೂಲಕ ಕಳಿಸುವುದೇ ನೆಮ್ಮದಿ.

ಕನ್ನಡ ಪಠ್ಯ ಹುಡುಕುವ ಎಪಿಐ ಪರೀಕ್ಷಿಸುವವರು ಇದನ್ನು ಗಮನಿಸಬೇಕು. ‘ಬೆಂಗಳೂರು’ ಕಣ್ಣಿಗೆ ನಾಲ್ಕಕ್ಷರ, ಯುನಿಕೋಡ್‌ನಲ್ಲಿ 8 ಸಂಕೇತ, ಯುಟಿಎಫ್-8ರಲ್ಲಿ 24 ಬೈಟ್. ಯುಆರ್‌ಎಲ್‌ನಲ್ಲಿ ಪ್ರತಿ ಬೈಟೂ % ಜೊತೆ ಮೂರಕ್ಷರವಾಗುವುದರಿಂದ ಒಟ್ಟು 72. ಕೈಯಿಂದ ಇದನ್ನು ಬರೆಯಲು ಹೋಗಬೇಡಿ. ದೊಡ್ಡಕ್ಷರದ -ಜಿ ಜೊತೆ --ಡೇಟಾ-ಯುಆರ್‌ಎಲ್‌ಎನ್‌ಕೋಡ್ ಕೊಟ್ಟರೆ ಕರ್ಲ್ ತಾನೇ ಪರಿವರ್ತಿಸಿ ‘ಗೆಟ್’ ವಿಳಾಸಕ್ಕೆ ಸೇರಿಸುತ್ತದೆ. ಡೇಟಾಬೇಸ್ ಕಾಲಂ 20 ಬೈಟ್‌ಗೆ ಸೀಮಿತವಾಗಿದ್ದರೆ ಈ ಊರಿನ ಹೆಸರು ಅದರಲ್ಲಿ ಹಿಡಿಸುವುದಿಲ್ಲ. ಇಂಗ್ಲಿಷ್ ಹೆಸರುಗಳಿಂದಷ್ಟೇ ಪರೀಕ್ಷಿಸಿದ ಎಪಿಐಗಳಲ್ಲಿ ಇಂಥ ದೋಷ ಹಾಗೇ ಉಳಿದುಬಿಡುತ್ತದೆ.

ನಿಧಾನದ ದೂರಿಗೆ -ಡಬ್ಲ್ಯೂ ಬಳಸಿ ಸಮಯಗಳನ್ನು ಮುದ್ರಿಸಿಕೊಳ್ಳಿ. ಉದಾಹರಣೆಗೆ ಟೈಮ್_ನೇಮ್‌ಲುಕಪ್ 0.004, ಟೈಮ್_ಕನೆಕ್ಟ್ 0.031, ಟೈಮ್_ಆ್ಯಪ್‌ಕನೆಕ್ಟ್ 0.094, ಟೈಮ್_ಸ್ಟಾರ್ಟ್‌ಟ್ರಾನ್ಸ್‌ಫರ್ 2.310, ಟೈಮ್_ಟೋಟಲ್ 2.318 ಸೆಕೆಂಡ್ ಬಂತೆನ್ನಿ. ಇವೆಲ್ಲ ಆರಂಭದಿಂದ ಎಣಿಸಿದ ಲೆಕ್ಕ, ಹಾಗಾಗಿ ಒಂದರಿಂದ ಹಿಂದಿನದನ್ನು ಕಳೆಯಬೇಕು. ಸಂಪರ್ಕವನ್ನು ಗೂಢಲಿಪಿಗೆ ಒಳಪಡಿಸುವ ಟಿಎಲ್‌ಎಸ್‌ಗೆ ಹಿಡಿದದ್ದು 63 ಮಿಲಿಸೆಕೆಂಡ್, ಉತ್ತರದ ಮೊದಲ ಬೈಟಿಗೆ ಕಾದದ್ದು 2.2 ಸೆಕೆಂಡ್‌ಗೂ ಹೆಚ್ಚು. ನೆಟ್‌ವರ್ಕ್ ಬಿಟ್ಟು ಡೇಟಾಬೇಸ್ ಕ್ವೆರಿ ನೋಡಿ. ಮೂರು ಬಾರಿಗೊಮ್ಮೆ ಮಾತ್ರ ಹೀಗಾಗುತ್ತಿದ್ದರೆ ರಿಕ್ವೆಸ್ಟ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದಿನ ಒಂದು ಸರ್ವರ್ ಕುಂಟುತ್ತಿರಬಹುದು. --ರಿಸಾಲ್ವ್ ಆಯ್ಕೆಗೆ ಹೆಸರು, ಪೋರ್ಟ್, ಐಪಿ ಮೂರನ್ನೂ ಕೋಲನ್‌ನಿಂದ ಜೋಡಿಸಿ ಕೊಟ್ಟರೆ ಒಂದೊಂದು ಸರ್ವರ್‌ನ್ನೂ ಬೇರೆಯಾಗಿ ತಟ್ಟಬಹುದು. ಬರೀ ಐಪಿ ಹಾಕಿ ಕರೆದರೆ ಸರ್ಟಿಫಿಕೇಟ್ ಹೆಸರು ಹೊಂದುವುದಿಲ್ಲ, ಇದರಲ್ಲಿ ಹೊಂದುತ್ತದೆ.

ಸ್ಕ್ರಿಪ್ಟ್‌ನಲ್ಲಿ ಬಳಸುವವರಿಗೆ ಒಂದು ಎಚ್ಚರಿಕೆ: 404 ಬಂದರೂ 500 ಬಂದರೂ ಕರ್ಲ್‌ನ ಎಕ್ಸಿಟ್ ಕೋಡ್ 0. ಅದರ ಲೆಕ್ಕದಲ್ಲಿ ಉತ್ತರ ಸಿಕ್ಕಿತು, ಕೆಲಸ ಮುಗಿಯಿತು. -ಎಫ್ ಹಾಕಿದರೆ 400 ಮತ್ತು ಅದಕ್ಕೆ ಮೇಲ್ಪಟ್ಟವಕ್ಕೆ 22 ಕೊಡುತ್ತದೆ. ಸರ್ವರ್ ಕಳಿಸಿದ ದೋಷದ ವಿವರವೂ ಬೇಕಿದ್ದರೆ --ಫೇಲ್-ವಿತ್-ಬಾಡಿ ಒಳ್ಳೆಯದು. --ಮ್ಯಾಕ್ಸ್-ಟೈಮ್ ಕೊಡದಿದ್ದರೆ ಒಟ್ಟು ಅವಧಿಗೆ ಮಿತಿಯೇ ಇಲ್ಲ. ನಿಗದಿತ ಹೊತ್ತಿಗೆ ತಾನಾಗಿ ಓಡುವ ರಾತ್ರಿಯ ಕ್ರಾನ್ ಕೆಲಸ ಬೆಳಗಿನ ತನಕ ನಿಂತೇ ಇರಬಹುದು. --ರೀಟ್ರೈ 3 ಎಂದರೆ ಟೈಮ್‌ಔಟ್, 429, 503ರಂಥ ತಾತ್ಕಾಲಿಕ ದೋಷಗಳಿಗೆ 1 ಸೆಕೆಂಡ್, ಆಮೇಲೆ ದುಪ್ಪಟ್ಟು ಹೊತ್ತು ಹೀಗೆ ಕಾದು ಮತ್ತೆ ಯತ್ನಿಸುತ್ತದೆ. ಆದರೆ ಟೈಮ್‌ಔಟ್ ಆಗುವಷ್ಟರಲ್ಲಿ ಸರ್ವರ್ ಆರ್ಡರ್ ದಾಖಲಿಸಿಬಿಟ್ಟಿರಬಹುದು. ಒಂದೇ ರಿಕ್ವೆಸ್ಟ್ ಎರಡು ಸಲ ಬಂದದ್ದನ್ನು ಗುರುತಿಸುವ ಕೀ ಎಪಿಐನಲ್ಲಿ ಇಲ್ಲದಿದ್ದರೆ ಹಣ ಪಾವತಿಯ ‘ಪೋಸ್ಟ್’ಗೆ --ರೀಟ್ರೈ ಹಾಕಲೇಬೇಡಿ.