ಕಾರಿನ ಕ್ಯಾಬಿನ್ ತಾಪಮಾನ ಸೆನ್ಸರ್: ದೋಷ ಹುಡುಕುವ ಕ್ರಮ

ಆಟೊಮ್ಯಾಟಿಕ್ ಎಸಿ ಇರುವ ಕಾರಿನಲ್ಲಿ 24 ಡಿಗ್ರಿ ಎಂದು ಒತ್ತಿಬಿಟ್ಟರೆ, ಬ್ಲೋವರ್ ಎಷ್ಟು ಜೋರಾಗಿ ತಿರುಗಬೇಕು, ತಣ್ಣನೆಯ ಗಾಳಿಗೆ ಬಿಸಿ ಗಾಳಿ ಎಷ್ಟು ಬೆರೆಯಬೇಕು ಎಂಬುದನ್ನು ಕಂಟ್ರೋಲ್ ಯೂನಿಟ್ ತಾನೇ ತೀರ್ಮಾನಿಸುತ್ತದೆ. ಆ ತೀರ್ಮಾನಕ್ಕೆ ಮುಖ್ಯ ಆಧಾರ ಕ್ಯಾಬಿನ್ ತಾಪಮಾನ ಸೆನ್ಸರ್. ಮುಂಭಾಗದ ಬಂಪರ್ ಬಳಿ ಹೊರಗಿನ ತಾಪಮಾನ ಅಳೆಯುವ ಸೆನ್ಸರ್, ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲನ್ನು ಗ್ರಹಿಸುವ ಸೆನ್ಸರ್, ಎಸಿಯ ಕೂಲಿಂಗ್ ಕಾಯಿಲ್ ಹೆಪ್ಪುಗಟ್ಟದಂತೆ ಕಾಯುವ ಸೆನ್ಸರ್ ಇವೆಲ್ಲ ಬೇರೆ. ಬಿಡಿಭಾಗ ಕೊಳ್ಳುವಾಗ ಇವನ್ನು ಒಂದಕ್ಕೊಂದು ಗೊಂದಲ ಮಾಡಿಕೊಂಡವರು ಬಹಳ ಮಂದಿ.

ಸ್ಟೀರಿಂಗ್ ಪಕ್ಕದಲ್ಲೋ ಎಸಿ ಪ್ಯಾನೆಲ್ ಬಳಿಯೋ ಕಾಣುವ ಬೆರಳಗಲದ ಜಾಲರಿಯ ಹಿಂದೆ ಈ ಸೆನ್ಸರ್ ಕುಳಿತಿರುತ್ತದೆ. ಅದರೊಳಗಿರುವುದು ಎನ್‌ಟಿಸಿ ಥರ್ಮಿಸ್ಟರ್, ಅಂದರೆ ಬಿಸಿ ಏರಿದಂತೆ ವಿದ್ಯುತ್ ರೋಧ ಇಳಿಯುವ ಒಂದು ಸಣ್ಣ ಮಣಿ. ನಿಂತ ಗಾಳಿಯಲ್ಲಿ ಅದು ಡ್ಯಾಶ್‌ಬೋರ್ಡಿನ ಕಾವನ್ನೇ ಅಳೆಯುತ್ತ ಕೂರುವುದರಿಂದ, ಕ್ಯಾಬಿನ್ನಿನ ಗಾಳಿಯನ್ನು ಅದರ ಮೇಲೆ ಸದಾ ಎಳೆಯುವ ಏರ್ಪಾಡು ಬೇಕು. ಕೆಲವು ಕಾರುಗಳಲ್ಲಿ ಸೆನ್ಸರಿನೊಳಗೇ ಪುಟ್ಟ ಫ್ಯಾನ್ ಇರುತ್ತದೆ. ಉಳಿದವುಗಳಲ್ಲಿ ಬ್ಲೋವರ್ ಗಾಳಿಯ ರಭಸದಿಂದಲೇ ಎಳೆತ ಹುಟ್ಟಿಸುವ ಒಂದು ಪೈಪ್ ಇರುತ್ತದೆ.

ಸೆನ್ಸರ್ ಕೆಟ್ಟಿದೆ ಎಂದು ಗ್ಯಾರೇಜಿಗೆ ಬರುವ ಕಾರುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಈ ಗಾಳಿಯ ದಾರಿಯನ್ನೇ ಎಂಬುದು ನನ್ನ ಅಭಿಪ್ರಾಯ. ದಿನವೂ ಹೊರವರ್ತುಲ ರಸ್ತೆಯ ಮೆಟ್ರೊ ಕಾಮಗಾರಿಯ ದೂಳಿನಲ್ಲಿ ಓಡಾಡುತ್ತಿದ್ದ ಒಂದು ಕಾರಿನ ಜಾಲರಿಯನ್ನು ನಾನು ಬಿಚ್ಚಿದಾಗ, ಥರ್ಮಿಸ್ಟರಿನ ಸುತ್ತ ಬೂದುಬಣ್ಣದ ದೂಳು ಕೂದಲೆಳೆಗಳೊಡನೆ ಸೇರಿ ಹತ್ತಿಯ ಉಂಡೆಯಂತೆ ಗಟ್ಟಿಯಾಗಿತ್ತು. ಅದಕ್ಕೂ ಮೊದಲು ಬೇರೆಡೆ ಅದೇ ಕಾರಿಗೆ ಎಸಿ ಗ್ಯಾಸ್ ತುಂಬಿಸಲಾಗಿತ್ತು ಎಂದು ಮಾಲೀಕರು ಬೇಸರದಿಂದ ಹೇಳಿದರು. ದಾರಿಯನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಎಸಿ ಚಾಲೂ ಮಾಡಿ, ಟಿಶ್ಯೂ ಕಾಗದದ ಒಂದು ಚೂರನ್ನು ಜಾಲರಿಗೆ ಹಿಡಿದರೆ ಅದು ಮೆಲ್ಲನೆ ಅಂಟಿಕೊಳ್ಳಬೇಕು. ಅಂಟದಿದ್ದರೆ ದೂಳು ಕಟ್ಟಿದೆ, ಫ್ಯಾನ್ ನಿಂತಿದೆ ಅಥವಾ ಹಿಂದಿನ ಪೈಪ್ ಕಳಚಿದೆ. ಪೈಪ್ ಕಳಚಿದ್ದರೆ ಡ್ಯಾಶ್‌ಬೋರ್ಡಿನ ಹಿಂದಿನ ಬಿಸಿ ಗಾಳಿಯೇ ಸೆನ್ಸರಿಗೆ ತಾಕುವುದರಿಂದ, ಕುಳಿತವರು ನಡುಗುತ್ತಿದ್ದರೂ ಎಸಿ ಇನ್ನಷ್ಟು ತಣ್ಣಗೆ ಮಾಡುತ್ತಲೇ ಇರುತ್ತದೆ. ಕಂಟ್ರೋಲ್ ಯೂನಿಟ್ ದಾಖಲಿಸಿದ ದೋಷಗಳನ್ನು ಓದುವ ಸ್ಕ್ಯಾನರಿನಲ್ಲಿ ಇಂಥ ದೋಷಕ್ಕೆ ಕೋಡ್ ಬರುವುದಿಲ್ಲ, ಏಕೆಂದರೆ ವಿದ್ಯುತ್ ಮಂಡಲದ ಮಟ್ಟಿಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಇನ್ನು ಮಂಡಲದ ವಿಷಯ. ಕಂಟ್ರೋಲ್ ಯೂನಿಟ್ ಸಾಮಾನ್ಯವಾಗಿ 5 ವೋಲ್ಟನ್ನು ತನ್ನೊಳಗಿನ ಒಂದು ಸ್ಥಿರ ರೋಧದ ಮೂಲಕ ಸೆನ್ಸರಿಗೆ ಕಳುಹಿಸಿ, ಸೆನ್ಸರಿನ ತುದಿಯಲ್ಲಿ ಉಳಿದ ವೋಲ್ಟೇಜನ್ನು ಓದುತ್ತದೆ. ಲೆಕ್ಕದ ಅನುಕೂಲಕ್ಕೆ 25 ಡಿಗ್ರಿಯಲ್ಲಿ 10 ಕಿಲೋ ಓಮ್ ತೋರಿಸುವ, ಬೀಟಾ ಮೌಲ್ಯ (ಬಿಸಿಗೆ ರೋಧ ಎಷ್ಟು ಚುರುಕಾಗಿ ಬದಲಾಗುತ್ತದೆ ಎಂಬುದರ ಅಳತೆ) 3950 ಇರುವ ಥರ್ಮಿಸ್ಟರನ್ನೂ 10 ಕಿಲೋ ಓಮ್‌ನ ಸ್ಥಿರ ರೋಧವನ್ನೂ ಇಟ್ಟುಕೊಳ್ಳೋಣ. ಕಾರಿನಿಂದ ಕಾರಿಗೆ ಈ ಅಂಕಿಗಳು ಬದಲಾಗುತ್ತವೆ. 25 ಡಿಗ್ರಿಯಲ್ಲಿ 2.5 ವೋಲ್ಟ್ ಸಿಗುತ್ತದೆ. 50 ಡಿಗ್ರಿಯಲ್ಲಿ ರೋಧ ಸುಮಾರು 3.6 ಕಿಲೋ ಓಮ್‌ಗೆ ಇಳಿದು ವೋಲ್ಟೇಜ್ 1.3ರ ಆಸುಪಾಸಿಗೆ ಬರುತ್ತದೆ. ವೈರ್ ತುಂಡಾಗಿದ್ದರೆ 5 ವೋಲ್ಟ್, ಶಾರ್ಟ್ ಆಗಿದ್ದರೆ ಸೊನ್ನೆ. ಈ ಎರಡು ಅತಿಗಳನ್ನು ಯೂನಿಟ್ ಗುರುತಿಸಿ ಕೋಡ್ ದಾಖಲಿಸುತ್ತದೆ.

ಕಷ್ಟವಿರುವುದು ನಡುವಿನ ದೋಷದಲ್ಲಿ. ಕನೆಕ್ಟರಿನ ಪಿನ್ನಿಗೆ ಕಿಲುಬು ಹಿಡಿದು 2 ಕಿಲೋ ಓಮ್ ಹೆಚ್ಚುವರಿ ರೋಧ ಸೇರಿಕೊಂಡಿದೆ ಎಂದುಕೊಳ್ಳಿ. ಕ್ಯಾಬಿನ್ 30 ಡಿಗ್ರಿ ಇದ್ದಾಗ ಥರ್ಮಿಸ್ಟರಿನ ರೋಧ ಸುಮಾರು 8 ಕಿಲೋ ಓಮ್ ಆಗಿದ್ದರೂ ಯೂನಿಟ್ಟಿಗೆ ಕಾಣುವುದು 10. ಅಂದರೆ 25 ಡಿಗ್ರಿ ಇದೆಯೆಂದು ನಂಬಿ, ಒಳಗಿದ್ದವರು ಬೆವರುತ್ತಿರುವಾಗಲೇ ಅದು ಬ್ಲೋವರನ್ನು ತಗ್ಗಿಸುತ್ತದೆ. ರೋಧ ಹೆಚ್ಚಿದರೆ ಸುಳ್ಳು ಚಳಿ, ತಗ್ಗಿದರೆ ಸುಳ್ಳು ಸೆಕೆ ಎಂದು ನೆನಪಿಟ್ಟುಕೊಂಡರೆ ದೂರು ಕೇಳುವಾಗಲೇ ದಿಕ್ಕು ಹೊಳೆಯುತ್ತದೆ.

ಬಿಚ್ಚುವ ಮೊದಲು ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ, ಕಾರಿನ ಕೈಪಿಡಿ ಹೇಳುವಷ್ಟು ಹೊತ್ತು ಕಾಯಬೇಕು. ಆ ಭಾಗದಲ್ಲಿ ಏರ್‌ಬ್ಯಾಗಿನ ವೈರಿಂಗ್ ಹಾದುಹೋಗಿರುತ್ತದೆ. ಪ್ಯಾನೆಲ್ ಎಬ್ಬಿಸಲು ಸ್ಕ್ರೂಡ್ರೈವರ್ ಬದಲು ಪ್ಲಾಸ್ಟಿಕ್ ಪಟ್ಟಿ ಬಳಸಿದರೆ ಗೀರು ಬೀಳುವುದಿಲ್ಲ. ಸೆನ್ಸರನ್ನು ಹೊರತೆಗೆದು ಮಲ್ಟಿಮೀಟರನ್ನು 20 ಕಿಲೋ ಓಮ್ ಶ್ರೇಣಿಯಲ್ಲಿಟ್ಟು ಅಳೆಯಬೇಕು. ಇಲ್ಲಿ ಬೆಂಗಳೂರಿನ ಹವೆ ನಮಗೆ ಅನುಕೂಲ: ವರ್ಷದ ಬಹುಪಾಲು ನೆರಳಿನಲ್ಲಿ 25 ಡಿಗ್ರಿಯ ಆಸುಪಾಸಿನ ಹೊತ್ತೊಂದು ಸಿಕ್ಕೇ ಸಿಗುವುದರಿಂದ, ಸೆನ್ಸರಿನ ತಾಪಮಾನ-ರೋಧ ಕೋಷ್ಟಕದಲ್ಲಿ ಕೊಟ್ಟಿರುವ 25 ಡಿಗ್ರಿಯ ಮೌಲ್ಯವನ್ನು ನೇರವಾಗಿ ತಾಳೆ ನೋಡಬಹುದು. ಬಳಿಕ ಥರ್ಮಿಸ್ಟರನ್ನು ಬೆರಳುಗಳ ನಡುವೆ ಹಿಡಿದರೆ ಅಂಕಿ ಎಲ್ಲಿಯೂ ಜಿಗಿಯದೆ ಮೆಲ್ಲಗೆ ಇಳಿಯಬೇಕು. ಜಿಗಿದರೆ ಒಳಗೆ ಬಿರುಕಿದೆ. ಸೆನ್ಸರ್ ಸರಿಯಿದ್ದರೆ ಬ್ಯಾಟರಿ ಮತ್ತೆ ಜೋಡಿಸಿ, ಇಗ್ನಿಷನ್ ಆನ್ ಮಾಡಿ, ಕನೆಕ್ಟರಿನಲ್ಲಿ 5 ವೋಲ್ಟ್ ಬರುತ್ತಿದೆಯೇ ನೋಡಬೇಕು. ಬಾರದಿದ್ದರೆ ವೈರಿಂಗ್ ಹುಡುಕಬೇಕು. ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ನಿಲ್ಲುವ ಕಾರುಗಳಲ್ಲಿ ಇಲಿ ಕಡಿದ ವೈರ್ ಅಪರೂಪವಲ್ಲ.

ದೂಳನ್ನು ಮೃದುವಾದ ಕುಂಚದಿಂದ ತೆಗೆಯಬೇಕು. ಕಂಪ್ರೆಸರ್ ಗಾಳಿ ಹೊಡೆದರೆ ಥರ್ಮಿಸ್ಟರಿನ ತೆಳುವಾದ ಕಾಲು ಮುರಿಯಬಹುದು. ಬದಲಿಸಲೇಬೇಕಾದರೆ ಹಳೆಯದನ್ನು ಕೈಯಲ್ಲಿ ಹಿಡಿದೇ ಬೆಂಗಳೂರಿನ ವಾಹನ ಬಿಡಿಭಾಗಗಳ ಪೇಟೆಯಾದ ಜೆ.ಸಿ. ರಸ್ತೆಗೆ ಹೋಗಿ, ಪಾರ್ಟ್ ನಂಬರ್ ತಾಳೆ ನೋಡಿ ತರುವುದು ಒಳ್ಳೆಯದು. ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಸಿಗುವ ಬಿಡಿ ಥರ್ಮಿಸ್ಟರನ್ನು ಬೆಸೆದು ಹಣ ಉಳಿಸಲೂಬಹುದು, ಆದರೆ 25 ಡಿಗ್ರಿಯ ಮೌಲ್ಯದ ಜೊತೆಗೆ ಬೀಟಾ ಮೌಲ್ಯವೂ ಹೊಂದಬೇಕು. ಇಲ್ಲದಿದ್ದರೆ ಬೆಳಿಗ್ಗೆ ಸರಿಯಾಗಿ ಓದುವ ಸೆನ್ಸರ್ ಏಪ್ರಿಲ್ಲಿನ ಮಧ್ಯಾಹ್ನ ತಪ್ಪು ಓದುತ್ತದೆ.

ಜೋಡಿಸಿದ ಬಳಿಕ ಪ್ಯಾನೆಲ್ ಮುಚ್ಚುವ ಮೊದಲೇ ಸೆನ್ಸರನ್ನು ಅದರ ಜಾಗದಲ್ಲಿ ಕೂರಿಸಿ, ಹಿಂದಿನ ಪೈಪನ್ನು ಎಳೆದು ನೋಡಿ, ಸ್ಟೀರಿಂಗ್ ಎತ್ತರದಲ್ಲಿ ಒಂದು ಥರ್ಮಾಮೀಟರ್ ತೂಗುಹಾಕಿ, ಎಸಿ ಕಾಲು ಗಂಟೆ ಓಡಿದ ಮೇಲೆ ಸ್ಕ್ಯಾನರ್ ತೋರಿಸುವ ಕ್ಯಾಬಿನ್ ತಾಪಮಾನದೊಡನೆ ಹೋಲಿಸಬೇಕು. ಒಂದೆರಡು ಡಿಗ್ರಿ ವ್ಯತ್ಯಾಸವಿದ್ದರೆ ನಾನು ಪ್ಯಾನೆಲ್ ಮುಚ್ಚುತ್ತೇನೆ. ಐದಾರು ಡಿಗ್ರಿ ಇದ್ದರೆ ಮತ್ತೆ ಟಿಶ್ಯೂ ಕಾಗದವನ್ನೇ ಕೈಗೆತ್ತಿಕೊಳ್ಳುತ್ತೇನೆ.