ಬಾಲ್ಟಿಕ್ ಸಮುದ್ರದ ತಳಕ್ಕೆ ಉಸಿರು ಎಲ್ಲಿಂದ ಬರುತ್ತದೆ?

2014ರ ಡಿಸೆಂಬರ್‌ನಲ್ಲಿ ಉತ್ತರ ಸಮುದ್ರದ ಕಡೆಯಿಂದ ಸುಮಾರು 198 ಘನ ಕಿಲೋಮೀಟರ್ ಉಪ್ಪು ನೀರು ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರಕ್ಕೆ ನುಗ್ಗಿತು. ಅದರ ಜೊತೆ ಬಂದ ಉಪ್ಪೇ ಸುಮಾರು 400 ಕೋಟಿ ಟನ್. ಅಷ್ಟೊಂದು ನೀರು ಸುಮ್ನೆ ಬರುವುದಿಲ್ಲ. ಅದಕ್ಕಾಗಿ ಆ ಸಮುದ್ರ ಹತ್ತು ವರ್ಷಕ್ಕೂ ಹೆಚ್ಚು ಕಾದಿತ್ತು.

ಬಾಲ್ಟಿಕ್ ಅರೆ ಉಪ್ಪಿನ ಸಮುದ್ರ. ಮಹಾಸಾಗರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ಬಾಲ್ಟಿಕ್‌ನ ನಡುಭಾಗದ ಮೇಲ್ಪದರದಲ್ಲಿ ಇರುವುದು 7 ಗ್ರಾಂ ಆಸುಪಾಸು. ನದಿಗಳ ಸಿಹಿ ನೀರು ಹಗುರ, ಮೇಲೆಯೇ ಹರಿದು ಹೊರಗೆ ಹೋಗುತ್ತದೆ. ಉಪ್ಪು ನೀರು ಭಾರ, ಕೆಳಗಿನಿಂದ ಒಳಗೆ ಬರುತ್ತದೆ. ಈ ಕೊಡು-ಕೊಳ್ಳುವಿಕೆಯ ಲೆಕ್ಕವನ್ನು ಡೆನ್ಮಾರ್ಕಿನ ಭೌತವಿಜ್ಞಾನಿ ಮಾರ್ಟಿನ್ ಕ್ನುಡ್ಸೆನ್ 1900ರಲ್ಲೇ ಹಾಕಿಕೊಟ್ಟರು.

ಆದರೆ ಬಾಗಿಲು ತುಂಬಾ ಕಿರಿದು, ಹೊಸ್ತಿಲು ತುಂಬಾ ಎತ್ತರ. ಡೆನ್ಮಾರ್ಕ್ ಬಳಿಯ ಜಲಸಂಧಿಗಳೇ ಬಾಗಿಲು, ಅಲ್ಲಿ ಉಬ್ಬಿ ನಿಂತ ಸಮುದ್ರತಳವೇ ಹೊಸ್ತಿಲು. ಡಾರ್ಸ್ ಹೊಸ್ತಿಲಿನ ಮೇಲೆ ನೀರಿನ ಆಳ 18 ಮೀಟರ್, ಡ್ರೋಗ್ಡೆನ್‌ನಲ್ಲಿ ಬರೀ 8 ಮೀಟರ್. ಒಳಗಿನ ಗಾಟ್‌ಲ್ಯಾಂಡ್ ತಗ್ಗು ಮಾತ್ರ 249 ಮೀಟರ್ ಆಳ! ದೊಡ್ಡ ಒಳಹರಿವು ಆಗಬೇಕಾದರೆ ಮೊದಲು ಪೂರ್ವದ ಗಾಳಿ ಬೀಸಿ ಬಾಲ್ಟಿಕ್‌ನ ನೀರಿನ ಮಟ್ಟ ಇಳಿಯಬೇಕು. ಆಮೇಲೆ ಪಶ್ಚಿಮದ ಜೋರು ಗಾಳಿ ವಾರಗಟ್ಟಲೆ ಬಿಡದೆ ಬೀಸಬೇಕು. ಗಾಳಿ ನಡುವೆ ತಿರುಗಿದರೆ ಬಂದ ನೀರು ಬಂದ ದಾರಿಯಲ್ಲೇ ವಾಪಸ್.

ಹೊಸ್ತಿಲು ದಾಟಿದ ನೀರಿನ ಪಯಣವೇ ಇಡೀ ಕತೆಯಲ್ಲಿ ನನಗೆ ಜಾಸ್ತಿ ಹಿಡಿಸಿದ್ದು. ಅದು ತಳಕ್ಕೆ ಅಂಟಿಕೊಂಡು ಇಳಿಯುತ್ತದೆ. ಆರ್ಕೋನಾ ತಗ್ಗು ತುಂಬಿದ ಮೇಲೆ ಬೋರ್ನ್‌ಹೋಮ್ ತಗ್ಗಿಗೆ, ಅಲ್ಲಿಂದ ಪೋಲೆಂಡ್ ಉತ್ತರದ ಒಂದು ಕಾಲುವೆಯಂಥ ದಾರಿ ಹಿಡಿದು ಗಾಟ್‌ಲ್ಯಾಂಡ್ ಕಡೆಗೆ. ಇದಕ್ಕೆ ತಿಂಗಳುಗಳೇ ಬೇಕು. ದಾರಿಯುದ್ದಕ್ಕೂ ಮೇಲಿನ ಸಪ್ಪೆ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಹೀಗಾಗಿ ಹರಿವು ಹಿಗ್ಗುತ್ತದೆ, ಉಪ್ಪು ಕಡಿಮೆಯಾಗುತ್ತದೆ. ಕೊನೆಗೆ ಭಾರ ಸಾಲದೆ ಹೋದರೆ ತಳ ಮುಟ್ಟದೆ ನಡುವಿನಲ್ಲೇ ಹರಡಿಕೊಳ್ಳುತ್ತದೆ.

ತಳ ಮುಟ್ಟುವುದು ಯಾಕೆ ಮುಖ್ಯ? 60ರಿಂದ 80 ಮೀಟರ್ ಆಳದಲ್ಲಿ ಹಗುರ ನೀರು ಮತ್ತು ಭಾರ ನೀರಿನ ನಡುವೆ ಮುಚ್ಚಳದಂಥ ಪದರವಿದೆ. ಗಾಳಿ ಎಷ್ಟೇ ಕಡೆದರೂ ಅದರ ಕೆಳಗೆ ಆಮ್ಲಜನಕ ಇಳಿಯುವುದಿಲ್ಲ. ಹೊರಗಿನಿಂದ ಬರುವ ಉಪ್ಪು ನೀರೇ ಅದನ್ನು ತಳಕ್ಕೆ ಹೊತ್ತು ತರಬೇಕು. ಇರುವುದು ಮುಗಿದರೆ ಅಲ್ಲಿ ವಿಷದ ಹೈಡ್ರೋಜನ್ ಸಲ್ಫೈಡ್ ತುಂಬುತ್ತದೆ. ಆ ಮುಚ್ಚಳದ ಕೆಳಗೆ ನೀರು ಬೆರೆಯುವುದಾದರೂ ಎಲ್ಲಿ? 2007ರಲ್ಲಿ ಗಾಟ್‌ಲ್ಯಾಂಡ್ ತಗ್ಗಿನ ಆಳಕ್ಕೆ ಒಂದು ಗುರುತಿನ ಅನಿಲ ಬಿಟ್ಟು ನೋಡಿದರು. ನಟ್ಟನಡುವೆ ಬೆರಕೆ ತೀರಾ ನಿಧಾನ. ಅನಿಲ ಇಳಿಜಾರಿನ ಅಂಚು ಮುಟ್ಟಿದ ಮೇಲೆ ಅದು ಹಲವು ಪಟ್ಟು ಚುರುಕಾಯಿತು.

ದಾಖಲೆಯಲ್ಲಿರುವ ಅತಿ ದೊಡ್ಡ ಒಳಹರಿವು 1951ರದ್ದು. 1983ರಿಂದ 1993ರವರೆಗೆ ದೊಡ್ಡದೊಂದೂ ಬರಲಿಲ್ಲ. ವಿಜ್ಞಾನಿಗಳಿಗೆ ಗಾಬರಿಯಾದದ್ದು ಸಹಜ ಅಲ್ವಾ? 2018ರಲ್ಲಿ ಹಳೆಯ ಲೆಕ್ಕವನ್ನು ಮತ್ತೆ ನೋಡಿದಾಗ, ದೀರ್ಘಕಾಲದಲ್ಲಿ ಒಳಹರಿವುಗಳು ಕಡಿಮೆಯಾಗಿಲ್ಲ ಎಂದು ಕಂಡುಬಂತು. ಮಾಪನದಲ್ಲಿ ಬಿಟ್ಟುಹೋದ ಭಾಗಗಳೂ ಹಳೆಯ ಚಿತ್ರವನ್ನು ಕೆಡಿಸಿದ್ದವು. ಜಲಸಂಧಿಗಳ ಮೇಲೆ ಸೇತುವೆ ಕಟ್ಟಿದಾಗಲೂ, ಕಂಬಗಳು ತಡೆಯುವಷ್ಟು ನೀರಿಗೆ ದಾರಿಯಾಗಲಿ ಎಂದು ತಳವನ್ನು ಅಗೆದಿದ್ದರು. ಇದು ದೊಡ್ಡ ವಿವೇಕದ ಕೆಲಸ ಎಂದು ನನಗನ್ನಿಸುತ್ತದೆ.

2015ರ ವಸಂತಕ್ಕೆ ಹೊಸ ನೀರು ಗಾಟ್‌ಲ್ಯಾಂಡ್ ತಳ ಮುಟ್ಟಿ, ವಿಷದ ಅನಿಲ ಮಾಯವಾಯಿತು. ಆದರೆ ಆ ಉಸಿರು ಬಹಳ ಕಾಲ ನಿಲ್ಲಲಿಲ್ಲ. ಹೊಲ, ಊರುಗಳಿಂದ ಹರಿದುಬರುವ ಸಾರಜನಕ, ರಂಜಕ ತಿಂದು ಪಾಚಿ ಬೆಳೆಯುತ್ತದೆ. ಅದು ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ಬಂದ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಕಾಡ್ ಮೀನಿನ ಮೊಟ್ಟೆ ಉಳಿಯಲು ಕಿಲೋಗೆ 11 ಗ್ರಾಂ ಉಪ್ಪಾದರೂ ಬೇಕು, ಜೊತೆಗೆ ಆಮ್ಲಜನಕವೂ ಬೇಕು. ಪೂರ್ವ ಬಾಲ್ಟಿಕ್‌ನಲ್ಲಿ ಇವೆರಡೂ ಒಟ್ಟಿಗೆ ಸಿಗುವ ನೀರು ಈಗ ಮುಖ್ಯವಾಗಿ ಬೋರ್ನ್‌ಹೋಮ್ ತಗ್ಗಿನಲ್ಲಷ್ಟೇ ಉಳಿದಿದೆ.